ಅಪ್ಪ ಕೂರಿಸಿದ ಸ್ವಿಚ್ಚು

ಅಮೆರಿಕದ ಅಲಬಾಮಾದ ಆ ಸುತ್ತಿನ ಕಾರು ಹುಚ್ಚರೆಲ್ಲ ಹಾಲಿಸ್ ಪ್ರೂಯಿಟ್‌ನ ಶೆಡ್ಡಿಗೆ ಬರುತ್ತಿದ್ದುದು ಒಂದೇ ಕೆಲಸಕ್ಕೆ. ಎಂಜಿನ್ ಕಟ್ಟುವವರು ಬೀದಿಗೊಬ್ಬರಿದ್ದರು; ಅದಕ್ಕೆ ಪೆಟ್ರೋಲ್ ಯಾವ ದಾರಿಯಲ್ಲಿ, ಎಷ್ಟು ಒತ್ತಡದಲ್ಲಿ ಬರಬೇಕೆಂದು ಕೂತು ಯೋಚಿಸುವವನು ಇವನೊಬ್ಬನೇ. ಮಾತು ಕಡಿಮೆ, ಬೈಗುಳ ಧಾರಾಳ. ಶನಿವಾರ ಸಂಜೆ ಮಾತ್ರ ಕಾರುಗಳ ನೇರ ಓಟದ ಪಂದ್ಯ ನಡೆಯುವ ಡ್ರ್ಯಾಗ್ ಸ್ಟ್ರಿಪ್‌ನ ಆ ತುದಿಯಲ್ಲಿ ಬೆಂಕಿ ಆರಿಸುವ ಟ್ರಕ್ಕಿನಲ್ಲಿ ಕೂರುತ್ತಿದ್ದ. ಅಲ್ಲಿ ಉರಿಯುವ ಕಾರಿನೊಳಗಿಂದ ಅವನು ಎಳೆದು ಹಾಕಿದವರ ಮುಖಗಳು ಊಟಕ್ಕೆ ಕೂತಾಗಲೂ ಅವನ ಕಣ್ಣ ಮುಂದೆ ಬರುತ್ತಿದ್ದವು.

ಅಂಥವನ ಮುಂದೆ ಮಗಳು ಕೆಂಡ್ರಾ ತನ್ನ ಹಳೇ ಕಾರು ತಂದು ನಿಲ್ಲಿಸಿದಳು.

"ನೈಟ್ರಸ್ ಹಾಕಿಸ್ತಿದೀನಿ ಡ್ಯಾಡಿ. ಪೆಟ್ರೋಲ್ ಲೈನ್ ನೀನೇ ಮಾಡ್ಕೊಡ್ಬೇಕು."

"ವಾರವೆಲ್ಲ ಇದರಲ್ಲೇ ಕೆಲಸಕ್ಕೆ ಹೋಗ್ತೀಯಲ್ಲೇ. ನಿಂಗೇನು ತಲೆ ಕೆಟ್ಟಿದೆಯಾ?"

"ಕೆಲಸಕ್ಕೂ ಹೋಗ್ಬೇಕು, ರೇಸೂ ಗೆಲ್ಬೇಕು. ನಿನ್ ಕೈಲಾಗಲ್ಲ ಅಂದ್ರೆ ರಸ್ಟಿ ಮಾಡ್ತಾನೆ ಬಿಡು."

ರಸ್ಟಿ ಪಕ್ಕದೂರಿನ ಗ್ಯಾರೇಜಿನವ, ಹಾಲಿಸ್‌ನ ಕಣ್ಣಿಗೆ ಸ್ಪ್ಯಾನರ್ ಹಿಡಿದ ಕೋತಿ. ಹಾಲಿಸ್‌ಗೆ ಒಪ್ಪದೆ ವಿಧಿಯಿರಲಿಲ್ಲ.

ನೈಟ್ರಸ್ ಎಂದರೆ ಎಂಜಿನ್ನಿಗೆ ದಿಢೀರ್ ಬಲ ಕೊಡುವ ಬಾಟ್ಲಿ ಗ್ಯಾಸು; ಡಾಕ್ಟರುಗಳ ನಗಿಸುವ ಗ್ಯಾಸೂ ಅದೇ. ಅದು ಒಳಗೆ ನುಗ್ಗಿದಾಗ ಜೊತೆಗೇ ಹೆಚ್ಚು ಪೆಟ್ರೋಲ್ ಸಿಗಬೇಕು. ಸಿಗದಿದ್ದರೆ ಪಿಸ್ಟನ್ನು ಮೇಣದ ಹಾಗೆ ಕರಗುತ್ತದೆ. ದಿನದ ಓಡಾಟಕ್ಕೆ ಹಳೇ ಟ್ಯಾಂಕನ್ನೇ ಬಿಟ್ಟು, ನೈಟ್ರಸ್ಸಿಗೆಂದೇ ಕಾರಿನ ಮೂತಿಯ ಹತ್ತಿರ ಬೇರೊಂದು ಪುಟ್ಟ ಟ್ಯಾಂಕು, ಬೇರೆ ಪಂಪು ಕೂರಿಸಿದ. ಕಾರು ಚಿಮ್ಮಿದಾಗ ಪೆಟ್ರೋಲೆಲ್ಲ ಹಿಂದಕ್ಕೆ ಹೊಯ್ದಾಡುತ್ತದೆಂದು ಕೊಳವೆಯನ್ನು ಟ್ಯಾಂಕಿನ ಹಿಂಬದಿಯ ತಳದಿಂದಲೇ ಎಳೆದ. ಕೊನೆಗೆ ಒಂದು ಸ್ವಿಚ್ಚು: ಪೆಟ್ರೋಲಿನ ಒತ್ತಡ ಕುಸಿದರೆ ಅದು ನೈಟ್ರಸ್ಸನ್ನು ತಾನೇ ನಿಲ್ಲಿಸುತ್ತದೆ. ಅಷ್ಟು ಚೊಕ್ಕ ಕೆಲಸವನ್ನು ಅವನು ಯಾರಿಗೂ ಮಾಡಿಕೊಟ್ಟಿರಲಿಲ್ಲ.

ಆಮೇಲೆ ಆ ಸ್ವಿಚ್ಚಿನ ತಿರುಪನ್ನು ಬೇಕೆಂದೇ ಅಗತ್ಯಕ್ಕಿಂತ ಹೆಚ್ಚಿನ ಒತ್ತಡಕ್ಕೆ ತಿರುಗಿಸಿಟ್ಟ. ಪೆಟ್ರೋಲ್ ಹರಿಯತೊಡಗಿದರೆ ಒತ್ತಡ ಒಂದಿಷ್ಟು ಇಳಿಯುವುದು ಸಹಜ. ಈ ಸ್ವಿಚ್ಚು ಅದನ್ನೇ ಅಪಾಯವೆಂದು ತಿಳಿದು ನೈಟ್ರಸ್ಸಿನ ಕತ್ತು ಹಿಸುಕುತ್ತಿತ್ತು. ಮಗಳು ನಿಧಾನವಾಗಿ ಹೋಗಲಿ, ಉಳಿದುಕೊಳ್ಳಲಿ. ಅವನಿಗೆ ಬೇಕಾಗಿದ್ದುದು ಅಷ್ಟೇ.

ಬೇಸಿಗೆಯುದ್ದಕ್ಕೂ ಕೆಂಡ್ರಾ ಸೋತಳು.

"ನಿನ್ನ ಬಾಟ್ಲಿಲಿ ನಗಿಸೋ ಗ್ಯಾಸ್ ಇಲ್ಲ ಕಣಮ್ಮ, ಅಳಿಸೋದು ಇರಬೇಕು," ಎಂದು ಗೆದ್ದವರು ಕಾಲೆಳೆದರು. ಅವಳು ನಕ್ಕು ಬಂದು ಅಪ್ಪನ ಟ್ರಕ್ಕಿನ ಹಿಂದೆ ನಿಂತು ಅಳುತ್ತಿದ್ದಳು.

"ನೈಟ್ರಸ್ ಹಿಡಿದು ಹಿಡಿದು ಬಿಡುತ್ತೆ ಡ್ಯಾಡಿ. ಸ್ವಿಚ್ಚು ಸರಿ ಇದೆಯಾ?"

"ಸ್ವಿಚ್ಚು ಸರಿಯಾಗೇ ಇದೆ. ಕಾಲು ನಡುಗುತ್ತೆ ನಿಂಗೆ, ಪೆಡಲ್ ಪೂರ್ತಿ ಒತ್ತಲ್ಲ. ಇದು ಎಲ್ಲರಿಗೂ ಬರೋ ವಿದ್ಯೆಯಲ್ಲ, ಬಿಟ್ಬಿಡು."

ಹಾಗೆ ಹೇಳಿದ ನಾಲಿಗೆಗೆ ಅವತ್ತೇ ಹುಳ ಬೀಳಬೇಕಿತ್ತು. ಅವಳು ಬಿಡಲಿಲ್ಲ. ಕಾರನ್ನು ರಸ್ಟಿಯ ಹತ್ತಿರ ಒಯ್ದಳು.

ರಸ್ಟಿ ಬಾನೆಟ್ ಎತ್ತಿ ನೋಡಿ, "ಅಪ್ಪನ ಕೆಲಸ ಬಂಗಾರ. ಈ ಸ್ವಿಚ್ಚೊಂದೇ ಸುಳ್ಳುಬುರುಕ," ಎಂದು ಎರಡು ವೈರುಗಳನ್ನು ನೇರ ಕೂಡಿಸಿ ಸ್ವಿಚ್ಚನ್ನು ಬದಿಗಿಟ್ಟ. ಕೈಯಾಡಿದ ಮೇಲೆ ಸುಮ್ಮನಿರಲಾರದೆ ನೈಟ್ರಸ್ ಇನ್ನಷ್ಟು ಬರುವಂತೆಯೂ ಮಾಡಿದ. ಆ ಪಂಪು ಅಷ್ಟಕ್ಕೆಲ್ಲ ಸಾಲುವುದಿಲ್ಲವೆಂಬುದು ಅವನ ತಲೆಗೆ ಹೊಳೆಯಲಿಲ್ಲ. ಅಪ್ಪ ಕೂಗಾಡುತ್ತಾನೆಂದು ಕೆಂಡ್ರಾ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಆ ಶನಿವಾರ ಅವಳ ಕಾರು ಆರಂಭದ ಗೆರೆ ಬಿಟ್ಟ ಸದ್ದಿಗೇ ಹಾಲಿಸ್‌ಗೆ ಗೊತ್ತಾಯಿತು. ನೈಟ್ರಸ್ ನಿಲ್ಲುತ್ತಿಲ್ಲ. ಬೆಂಕಿ ಕಾಣುವ ಮೊದಲೇ ಅವನು ಟ್ರಕ್ಕಿನಿಂದ ಇಳಿದು ಓಡುತ್ತಿದ್ದ. ಕಾರು ಅರ್ಧ ದಾರಿಗೆ ಬರುವಷ್ಟರಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ಒಡೆಯಿತು. ಬಿಸಿ ಎಣ್ಣೆಗೆ ಹೊತ್ತಿಕೊಂಡ ಬೆಂಕಿ ಕಾಲ ಬಳಿಯಿಂದ ಒಳಗೆ ನುಗ್ಗಿತು. ಅವನು ಬಾಗಿಲು ಕಿತ್ತು ಮಗಳನ್ನು ಹೊರಗೆಳೆಯುವಷ್ಟರಲ್ಲಿ ಅವಳ ಕೈಗವಸುಗಳು ಚರ್ಮಕ್ಕೆ ಅಂಟಿಹೋಗಿದ್ದವು.

ಆಸ್ಪತ್ರೆಯಲ್ಲಿ ಕೆಂಡ್ರಾ ಎರಡೂ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದಳು. ಎಡಗೈ ಇನ್ನು ಮುಷ್ಟಿ ಹಿಡಿಯುವುದಿಲ್ಲವೆಂದು ಡಾಕ್ಟರು ಹೇಳಿ ಹೋಗಿದ್ದರು.

"ತಪ್ಪು ನಂದೇ ಡ್ಯಾಡಿ. ನೀನು ಹಾಕಿದ್ದ ಸ್ವಿಚ್ಚನ್ನ ನಾನು ನಂಬಲಿಲ್ಲ."

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಲಿಸ್‌ಗೆ ಸುಮ್ಮನಿರಲಾಗಲಿಲ್ಲ.

"ಸ್ವಿಚ್ಚನ್ನ ನಾನೇ ಕೆಡಿಸಿಟ್ಟಿದ್ದೆ ಕಂದ. ನೀನು ಜೋರಾಗಿ ಹೋಗ್ಬಾರದು ಅಂತ. ಮೊದಲ ದಿನದಿಂದಾನೇ."

ಕೈಗಳ ಬಗ್ಗೆ ಅವಳು ಕೇಳಲಿಲ್ಲ.

"ಅಂದ್ರೆ ನಂಗೆ ಓಡಿಸೋಕೆ ಬರ್ತಿತ್ತು," ಎಂದಳು.