ಬಿಸಿಲಿಗೆ ಹಾಕಿದ ಹಳದಿ ಹೂ

ಹೊಲಿಗೆಯವಳೇ ಬಾಯಿ ಬಿಟ್ಟಳು ಎಂದು ಎರಡು ವರ್ಷ ನಂಬಿದ್ದೆ. ಅವಳ ಅಂಗಡಿಯ ಮುಂದೆ ಹಾಯುವಾಗ ಮುಖ ತಿರುಗಿಸುತ್ತಿದ್ದೆ. ಇವತ್ತು ಬರೆಯಲು ಕುಳಿತರೆ ಅವಳ ಬಾಯಿ ಅಲುಗುವುದು ಕಾಣುತ್ತದೆ, ದನಿ ಕೇಳುವುದಿಲ್ಲ.

ಸಿರಸಂಗಿ ಕಡೆಯ ನಮ್ಮೂರಿನ ಹುಡುಗಿಯರು ತಿಂಗಳಿಗೆ ನಾಲ್ಕು ದಿನ ಯರಗಟ್ಟಿಯ ಹೈಸ್ಕೂಲು ತಪ್ಪಿಸುತ್ತಿದ್ದರು. ಪ್ಯಾಡಿಗೆ ಮನೆಯಲ್ಲಿ ದುಡ್ಡು ಕೇಳುವ ಹಾಗಿಲ್ಲ, ಸೀರೆಯ ತುಂಡು ಕಟ್ಟಿಕೊಂಡು ಬಸ್ಸಿನಲ್ಲಿ ನಿಲ್ಲಲು ಭಯ. ನಾನೂ ಹೊಲಿಗೆಯವಳೂ ಸೇರಿ ತೊಳೆದು ಬಳಸುವ ಬಟ್ಟೆಯ ಪ್ಯಾಡು ಹೊಲಿಯತೊಡಗಿದೆವು. ಸವದತ್ತಿಯ ಅಂಗಡಿಯವರೊಬ್ಬರು ಒಂದಿಡೀ ಸುರುಳಿ ಹತ್ತಿಬಟ್ಟೆ ಕೊಟ್ಟರು. ಬಿಳಿಯ ಮೇಲೆ ಹಳದಿ ಹೂ.

"ಎಲ್ಲಾ ಒಂದ ನಮೂನಿ ಬ್ಯಾಡ್ರಿ ಅಕ್ಕಾರ, ಹಳೇ ಬಟ್ಟಿನೂ ಕೂಡಸೂಣು."

"ಇರ್ಲಿ ಬಿಡವಾ, ಚಂದ ಕಾಣತೈತಿ."

ಇದರಲ್ಲಿ ಮೊದಲ ಮಾತು ನನ್ನದೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅಲ್ಲ. ಅದು ಅವಳದು.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಳು. ಮೈನೆರೆದು ಐದು ತಿಂಗಳಾಗಿದ್ದರೂ ತಾಯಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದೇ ಮನೆಯಲ್ಲಿದ್ದ ಅತ್ತೆ, ಹುಡುಗಿಯ ತಂದೆಯ ಅಕ್ಕ, ಅವಳನ್ನು ತನ್ನ ಮಗನಿಗೆ ತಂದುಕೊಳ್ಳಲು ಕಾಯುತ್ತಿದ್ದಳು. ಗೊತ್ತಾದರೆ ಆರತಿ, ಆಮೇಲೆ ಶಾಲೆ ಬಿಡಿಸುವುದು. ಎಸ್ಸೆಸ್ಸೆಲ್ಸಿಯವರೆಗಾದರೂ ಮುಚ್ಚಿಡಬೇಕೆಂದು ತಾಯಿಯ ಹಟ.

ಐದು ಪ್ಯಾಡು ಕೊಟ್ಟಾಗ ಹುಡುಗಿ ಕೇಳಿದಳು, "ಯಾರಿಗೂ ಗೊತ್ತಾಗೂದಿಲ್ಲಲ್ರಿ ಅಕ್ಕಾರ?"

"ಇಲ್ಲವಾ. ಆದ್ರ ಕತ್ತಲ್ಯಾಗ ಒಣಗಿಸಬ್ಯಾಡ. ಚಲೋತ್ನಂಗ ಬಿಸಲಿಗೆ ಹಾಕು, ಇಲ್ಲಾಂದ್ರ ತುರಿಕಿ ಬರತೈತಿ."

ತಾಯಿ ಗಲ್ಲದ ಮೇಲೆ ಕೈಯಿಟ್ಟಳು. "ಬಿಸಲಿಗಾ? ನಾವು ಇಷ್ಟ ವರ್ಷ ಲಂಗಾ ಪರಕಾರದ ಕೆಳಗ ಮುಚ್ಚಿ ಒಣಗಿಸೇವ್ರಿ. ನಮಗೇನಾಗೇತಿ?"

"ಏನಾಗೇತಿ ಅಂತ ಹೇಳಾಕ ನೀವು ದವಾಖಾನಿಗೆ ಹೋಗೀರೇನು?" ಎಂದೆ. ಮೂವರೂ ನಕ್ಕೆವು. ನಗು ನಿಜ, ಅದರಲ್ಲಿ ನನಗೆ ಅನುಮಾನವಿಲ್ಲ.

ತಂತಿಯ ಮೇಲೆ ಸೀರೆಯ ತುಂಡು ಕಂಡರೆ ಒರೆಸುವ ಬಟ್ಟೆ ಎಂದುಕೊಂಡು ಜನ ಸುಮ್ಮನಾಗುತ್ತಾರೆ. ಹಳದಿ ಹೂ ಮಾತ್ರ ಹಿತ್ತಲಿಂದ ಹಿತ್ತಲಿಗೆ ಒಂದೇ ಆಗಿತ್ತು.

ಅತ್ತೆ ಹೊಲಿಗೆಯಂಗಡಿಗೆ ಹೋಗಿ ವಿಚಾರಿಸಿದಳೆಂದು ನನ್ನ ನೆನಪು ಹೇಳುತ್ತಿತ್ತು. ಆದರೆ ಆ ತಿಂಗಳು ಹೊಲಿಗೆಯವಳು ಮಗಳ ಬಾಣಂತನಕ್ಕೆ ಬೈಲಹೊಂಗಲದಲ್ಲಿದ್ದಳು. ಅಂಗಡಿಯ ಕೀಲಿ ನನ್ನ ಹತ್ತಿರವೇ ಇತ್ತು. ಅತ್ತೆ ಕೇಳಿದ್ದು ಬಸ್‌ಸ್ಟ್ಯಾಂಡಿನಲ್ಲಿ, ನನ್ನನ್ನು.

"ಅಕ್ಕಾರ, ಆ ಹಳದಿ ಹೂವಿನ ಬಟ್ಟಿ ಎಂಥಾದ್ರಿ? ಊರ ತುಂಬ ಒಣಗಾಕ ಹತ್ತೇತಿ. ನಮ್ಮ ಹಿತ್ತಲದಾಗೂ ಐತಿ. ಕೂಸಿನ ತಲಿಗೆ ಕಟ್ಟೂ ಕುಲಾಯಿ ಏನು?"

ಕುಲಾಯಿ! ನನಗೆ ನಗು ತಡೆಯಲಾಗಲಿಲ್ಲ. ಕೇಳುವವರು ಸಿಕ್ಕರೆಂಬ ಹೆಮ್ಮೆ ಬೇರೆ. ಹೈಸ್ಕೂಲಿಗೆ ಹೋಗುವ ಹುಡುಗಿಯರಿಗಷ್ಟೇ ಕೊಡುತ್ತೇವೆಂದು ಹೇಳಿ, ಚೀಲದಿಂದ ಒಂದನ್ನು ತೆಗೆದು ಹೇಗೆ ಮಡಚುವುದು, ಗುಂಡಿ ಎಲ್ಲಿ, ಎಲ್ಲ ತೋರಿಸಿದೆ. ಅವಳು ಯಾರ ಮನೆಯವಳೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದು ಈಗಷ್ಟೇ ಹೊಡೆದುಹಾಕಿದೆ.

"ಚಲೋ ಕೆಲಸ ಮಾಡೀರಿ," ಎಂದಳು. ಬಸ್ಸು ಬಂದರೂ ಹತ್ತದೆ ಮನೆಯ ಕಡೆ ತಿರುಗಿದಳು.

ವಾರದಲ್ಲೇ ಆರತಿ. ನನಗೂ ಕರೆ ಬಂತು. ಹುಡುಗಿ ಹಸಿರು ಸೀರೆಯಲ್ಲಿ ಕುಳಿತಿದ್ದಳು, ಅತ್ತೆ ಅವಳ ಬಾಯಿಗೆ ಕೊಬ್ಬರಿ ಬೆಲ್ಲ ಇಡುತ್ತಿದ್ದಳು. ಹುಡುಗಿ ಒಮ್ಮೆಯೂ ನನ್ನತ್ತ ನೋಡಲಿಲ್ಲ. ಹೊರಡುವಾಗ ತಾಯಿ ಎಲ್ಲ ಹೆಂಗಸರಂತೆ ನನಗೂ ಸೆರಗಿನಲ್ಲಿ ಅಕ್ಕಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ಖಣದ ಕೆಳಗೆ ಐದೂ ಪ್ಯಾಡು, ತೊಳೆದು ಮಡಚಿದ್ದು.

"ಬಿಸಲಿಗೆ ಹಾಕಂದ್ರಿ, ಹಾಕಿದ್ವಿ," ಎಂದಳು ಮೆಲ್ಲಗೆ. "ಇನ್ನ ಅಕಿ ಬಸ್ಸಿಗೆ ಹೋಗೂದಿಲ್ಲಲ್ರಿ. ಬ್ಯಾರೆ ಹುಡಿಗ್ಯಾರಿಗೆ ಕೊಡ್ರಿ."

ಉಡಿ ಹಿಡಿದುಕೊಂಡೇ ಬಂದೆ. ಹೊಲಿಗೆಯಂಗಡಿಗೆ ಇನ್ನೂ ಬೀಗವಿತ್ತು. ಅವಳು ಬೈಲಹೊಂಗಲದಿಂದ ಮರಳುವಷ್ಟರಲ್ಲಿ ನಾನು ಅವಳ ಮೇಲೆ ಸಿಟ್ಟಾಗಿದ್ದೆ.