ಗುರುಮಲ್ಲಪ್ಪನವರ ಬೆಂಕಿಪೊಟ್ಟಣ

ಕೊಳ್ಳೇಗಾಲದಲ್ಲಿ ಯಾರೇ ಹೊಸ ಕಾರು ತರಲಿ, ಪೂಜೆ ಮುಗಿಯುವಷ್ಟರಲ್ಲಿ ಗುರುಮಲ್ಲಪ್ಪನವರು ಪಕ್ಕದಲ್ಲಿ ಹಾಜರಿರುತ್ತಾರೆ. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದ ಈ ಮನುಷ್ಯನಿಗೆ ಕಾರಿನ ಹುಚ್ಚು ಎಷ್ಟೋ, ಹೊಸ ಕಾರುಗಳ ಮೇಲೆ ಗುಮಾನಿಯೂ ಅಷ್ಟೇ. ಡ್ಯಾಶ್‌ಬೋರ್ಡನ್ನು ತೆಂಗಿನಕಾಯಿಯಂತೆ ಬಡಿದು ಕಿವಿಗೊಡುತ್ತಾರೆ. ಮರದಂತೆ ಕಾಣುವ ಪಟ್ಟಿಯನ್ನು ಉಗುರಿನಿಂದ ಕೆರೆದು, "ಮರಾನಾ ಇದು? ಮರದ ಫೋಟೋ ಕಣ್ಲಾ!" ಎನ್ನುತ್ತಾರೆ. ಗುಂಡಿಗಳ ಜಾಗದಲ್ಲಿ ಕೂತ ಟಚ್ ಸ್ಕ್ರೀನನ್ನಂತೂ ಮದುವೆ ದಲ್ಲಾಳಿಯನ್ನು ನೋಡುವಂತೆ ನೋಡುತ್ತಾರೆ. ಕೊನೆಗೆ ಸೀಟಿನಿಂದ ಒಂದು ಎಳೆ ಕಿತ್ತು, ರೇಷ್ಮೆಯನ್ನು ಪರೀಕ್ಷಿಸುವ ಹಾಗೆಯೇ ಕಡ್ಡಿ ಗೀರಿ ಸುಡುತ್ತಾರೆ. "ಬಟ್ಟೆ ಆಗಿದ್ರೆ ಬೂದಿ ಆಯ್ತಿತ್ತು. ಕರಗಿ ಗಂಟಾಯ್ತು ನೋಡು, ಪ್ಲಾಸ್ಟಿಕ್ಕು! ಟೋಪಿ ಆಕವ್ರೆ ಕಣ್ಲಾ ನಿಂಗೆ." ಅವರ ಹಳೆಯ ಫಿಯಟ್ಟಿನ ಸೀಟಿಗೆ ಮೊನ್ನೆ ಹೊಸ ಕವರ್ ಬಂತು. ಹೊನ್ನೂರಿನಿಂದ ಬಂದ ಹೊಸ ಸೊಸೆ ಪ್ರೇಮಾ, ರೇಷ್ಮೆಯೆಂದು ನಂಬಿ ಬಟ್ಟೆ ಕೊಂಡು, ಮಾವನಿಗಾಗಿ ತಾನೇ ಕೂತು ಹೊಲಿದದ್ದು. ಗುರುಮಲ್ಲಪ್ಪನವರು ಅದನ್ನೊಮ್ಮೆ ಸವರಿದರು. ಬೆರಳಿಗೆ ಆಗಲೇ ಗೊತ್ತಾಯಿತು. "ಅಪ್ಪಟ ರೇಷ್ಮೆ ಕಣವ್ವ," ಎಂದರು. "ಸುಟ್ಟು ನೋಡಿ ಮಾವ," ಎಂದಳು ಅವಳು. ಅವರು ಜೇಬು ತಡವಿ, "ಬೆಂಕಿಪೊಟ್ಟಣ ಮರ್ತ್ ಬಂದಿವ್ನಿ," ಎಂದರು. ಜೇಬಿನೊಳಗೆ ಕಡ್ಡಿಗಳು ಗಲಗಲ ಎಂದದ್ದು ಇಬ್ಬರಿಗೂ ಕೇಳಿಸಿತು.