ಬೆಂಕಿ ತೋರಿಸಿದ ಡಬ್ಬಿಗಳು

ಒಂದೂಕಾಲು ರೂಪಾಯಿ. ತುಕ್ಕು ಹಿಡಿದ ಒಂದು ಬಿಸ್ಕೀಟಿನ ಡಬ್ಬಿಗೆ ಒಂದೂಕಾಲು ರೂಪಾಯಿ ಕೊಟ್ಟೆ ಅಂದರೆ ನನ್ನನ್ನು ಬಲ್ಲವರು ಯಾರೂ ನಂಬಲಿಕ್ಕಿಲ್ಲ. ಈ ಯುದ್ಧ ಶುರುವಾದಾಗಿನಿಂದ ತಗಡಿಗೆ ಬೆಲೆ ಏರಿದೆ, ಅದು ಖರೆ. ಆದರೂ ಮುಚ್ಚಳ ಸೊಟ್ಟಾಗಿ ತಳ ಸವೆದ ಆ ಡಬ್ಬಿ ನಾಲ್ಕಾಣೆಗಿಂತ ಹೆಚ್ಚು ಬಾಳುತ್ತಿರಲಿಲ್ಲ. ಜೂನಾ ಬಜಾರದಲ್ಲಿ ಹಳೇ ತಗಡು, ಗುಜರಿ ಮಾರುವ ಭಂಗಾರದವನು ಬೆಲೆ ಹೇಳಿದ ಕೂಡಲೇ ನಾನು ರೂಢಿಯಂತೆ ಮುಖ ಸಿಂಡರಿಸಿ ಎದ್ದು ನಿಂತೆ. ಅವನು ಬಿಡಲಿಲ್ಲ, ಡಬ್ಬಿಯನ್ನು ಮುಖದ ಹತ್ತಿರವೇ ಹಿಡಿದ. ಯಾವನೋ ಚಹಾದವನು ಅದನ್ನು ಒಲೆ ಮಾಡಿಕೊಂಡಿದ್ದನಂತೆ, ಒಂದು ಮಗ್ಗುಲು ಸುಟ್ಟು ಕಪ್ಪಾಗಿತ್ತು. ಸುಟ್ಟ ಬಣ್ಣದ ಆ ಕಮಟು ವಾಸನೆ… ನಾನು ಮತ್ತೆ ಕೂತೆ. ಸೆರಗಿನ ಗಂಟು ಬಿಚ್ಚಿ, ಅವನು ಹೇಳಿದಷ್ಟನ್ನೂ ಕೊಟ್ಟುಬಿಟ್ಟೆ. ಭಂಗಾರದವನೇ ಗಾಬರಿಯಾದ. "ಬಾಯಿ, ತಬ್ಯೇತ ಬರೀ ಆಹೇ ನಾ?" ಎಂದು ಮರಾಠಿಯಲ್ಲಿ ನನ್ನ ಆರೋಗ್ಯ ವಿಚಾರಿಸಿದ.

ಹಳೇ ಡಬ್ಬಿಗಳನ್ನು ಕೊಂಡು, ತುಕ್ಕು ತೆಗೆದು, ಮನೆಯ ಅಂದಕ್ಕೆ ಇಡುವಂತೆ ಮಾಡಿ ಮಾರುವುದು ನನ್ನ ಕಸುಬು. ಪುಣೆಯ ಹಳೇ ಪೇಠಿನ ಮನೆಗಳ ಗೂಡಿನಲ್ಲಿ, ಕ್ಯಾಂಪಿನ ಸಾಹೇಬರ ಬಂಗಲೆಗಳ ವರಾಂಡದಲ್ಲಿ ನನ್ನ ಕೈಯ ಡಬ್ಬಿಗಳು ಹೂ ಹೊತ್ತು ನಿಂತಿವೆ. ಆದರೆ ಮೊದಲ ಡಬ್ಬಿಯ ತುಕ್ಕು ತಿಕ್ಕಿದ್ದು ಎದುರು ಖೋಲಿಯಲ್ಲಿದ್ದ, ಚಿಕ್ಕಮ್ಮನಂತೆ ನಾನು ಕಾಕು ಎನ್ನುತ್ತಿದ್ದಾಕೆಯ ಜೊತೆ ಕೂತು. ಆ ವಾಸನೆ ಆಕೆಯದು.

ಹಿಂದಿನ ದೊಡ್ಡ ಯುದ್ಧದ ಕಾಲ. ಧಾರವಾಡದ ಕಡೆಯಿಂದ ಸೊಸೆಯಾಗಿ ಪುಣೆಯ ವಾಡೆಯೊಂದಕ್ಕೆ ಹೊಸದಾಗಿ ಬಂದಿದ್ದೆ. ನಡುವೆ ಅಂಗಳ, ಸುತ್ತ ಬಿಡಾರಗಳು, ಎಲ್ಲರ ಬಾಯಲ್ಲೂ ಮರಾಠಿ. ಕನ್ನಡ ಕೇಳಬೇಕೆಂದರೆ ಎದುರಿನ ಒಂಟಿ ಕೋಣೆಯ ಖೋಲಿ ಒಂದೇ. ಕಾಕು ಬೆಳಗಾವಿ ಕಡೆಯಾಕೆ. ಆಕೆಯ ಗಂಡ ಕಾಕಾ ದೌಂಡಿನಲ್ಲಿ ರೈಲ್ವೆ ಕಾರಕೂನ, ರವಿವಾರ ಮಾತ್ರ ಮನೆಗೆ ಬರುತ್ತಿದ್ದರು. ಮಕ್ಕಳಿರಲಿಲ್ಲ. ಚೈತ್ರ ಬಂತೆಂದರೆ ವಾಡೆಯಲ್ಲಿ ಮನೆಮನೆಗೆ ಗೌರಿ ಕೂಡಿಸುತ್ತಿದ್ದರು. ಹೆಂಗಸರು ಅರಿಶಿಣ ಕುಂಕುಮಕ್ಕೆ ಹೋಗಿ ಕೋಸಂಬರಿ ತಿಂದು, ಪಾನಕ ಕುಡಿದು, ಆ ಮನೆಯ ಅಲಂಕಾರ ನೋಡಿ ಬರುವುದು ಪದ್ಧತಿ. ಕಾಕುವನ್ನೂ ಕರೆಯುತ್ತಿದ್ದರು, ಆದರೆ ಮಕ್ಕಳಿಲ್ಲದಾಕೆಯೆಂದು ಕುಂಕುಮ ಹಚ್ಚುವಾಗ ಆಕೆಯ ಪಾಳಿ ಯಾವಾಗಲೂ ಕಡೆಗೆ. ಬಟ್ಟಲು ತಳ ಕಂಡ ಮೇಲೆ. ಆಕೆ ತಾನು ಮಾತ್ರ ಒಂದು ವರ್ಷವೂ ಯಾರನ್ನೂ ಕರೆದಿರಲಿಲ್ಲ. ಗೌರಿಯ ಮುಂದೆ ಸಾಲಾಗಿ ಇಡಲು ಹಿತ್ತಾಳೆ ಬೆಳ್ಳಿ ಇಲ್ಲದ ಖೋಲಿಗೆ ಕರೆದು ಏನು ತೋರಿಸಬೇಕು?

"ತಂಗಿ, ಈ ಸಲ ನಮ್ಮ ಖೋಲ್ಯಾಗ ಗೌರಿ ಕೂಡಸೋದು. ವಾಡೆ ಪೂರಾ ಕರಿಯೋದು," ಅಂದಳು ಒಂದು ಮಧ್ಯಾಹ್ನ.

"ಮುಂದ ಏನ ಇಡ್ತೀರಿ ಕಾಕು?"

"ಅದನ್ನ ನೀ ತರ್ತಿ. ನಿನ್ನ ಬಾಯಿ ಮುಂದ ಯಾವ ಅಂಗಡಿಕಾರ ನಿಲ್ತಾನ?"

ಕ್ಯಾಂಪಿನ ಬಂಗಲೆಯೊಂದರ ಬಟ್ಲರ್ ಖಾಲಿ ಬಿಸ್ಕೀಟಿನ ಡಬ್ಬಿಗಳನ್ನು ಹಿತ್ತಲಲ್ಲಿ ಒಟ್ಟುತ್ತಾನೆಂದು ಹಾಲಿನವನು ಹೇಳಿದ್ದ. ಬಟ್ಲರ್ ದುಡ್ಡು ಕೇಳಿದ. ನಾನು ಅತ್ತೆಯವರ ನಿಂಬೆ ಉಪ್ಪಿನಕಾಯಿಯ ರುಚಿ ತೋರಿಸಿದೆ. ಒಂದು ಸಣ್ಣ ಭರಣಿ ಕೊಟ್ಟು ಚೀಲ ತುಂಬ ಡಬ್ಬಿ ತಂದೆ. ನನ್ನ ಜೀವಮಾನದ ಮೊದಲ ವ್ಯಾಪಾರ ಅದು. ಇಂದಿಗೂ ಅದಕ್ಕಿಂತ ಲಾಭದ್ದು ಮಾಡಿಲ್ಲ.

ಅಂಚಿಗೆಲ್ಲ ತುಕ್ಕು. ಕಾಕು, ನಾನು ಅಂಗಳದ ಮೂಲೆಯಲ್ಲಿ ಕೂತು ಚಿಮಣಿ ಎಣ್ಣೆಯ ಬಟ್ಟೆಯಿಂದ ಒರೆಸಿ, ಒಲೆಯ ಬೂದಿ ಹಾಕಿ ತಿಕ್ಕಿದೆವು. ಒಂದರ ಮೇಲೆ ಹಡಗು, ಒಂದರ ಮೇಲೆ ಗುಲಾಬಿ, ಇನ್ನೊಂದರ ಮೇಲೆ ಕೊಡೆ ಹಿಡಿದ ಬಿಳಿ ದೊರೆಸಾನಿ, ನಮ್ಮ ಬಾಯಲ್ಲಿ ಮಡ್ಡಮ್ಮ, ಮೂಡಿ ಬಂದಳು. ಕಾಕು ಆಕೆಯ ಹಣೆಯನ್ನು ಬೆರಳಿಂದ ಸವರಿ, "ಪಾಪ, ಬೋಳ ಹಣಿ. ನಡಬರಕ ಈಕೀನ್ನ ಕೂಡಸೂಣು. ಗೌರಿ ಕೈಯಿಂದನ ಕುಂಕುಮ ಹಚಗೊಳ್ಳಲಿ," ಅಂದು ನಕ್ಕಳು. ನಕ್ಕರೆ ಆಕೆಯ ಮೂಗಿನ ನತ್ತು ಅಲುಗುತ್ತಿತ್ತು…

ನಗು ವಾಡೆಯ ಮಾಲಕರ ಮನೆಯ ಅಜ್ಜಿಯ ಕಿವಿಗೆ ಬಿತ್ತು. ವಾಡೆ ಆಕೆಯ ಮಗನದು, ಕಾಯಿದೆ ಆಕೆಯದು. ಮೇಲಿನ ಮಾಳಿಗೆಯಿಂದ ಬಗ್ಗಿ ನೋಡಿ ಮರಾಠಿಯಲ್ಲಿ ಗುಡುಗಿದಳು: ಸಾಹೇಬರ ತತ್ತಿಯ ಬಿಸ್ಕೀಟು ತುಂಬಿದ ಮೈಲಿಗೆ ಡಬ್ಬಿಗಳನ್ನು ದೇವಿಯ ಮುಂದೆ ಇಡುತ್ತೀರಾ? ಆ ಹೊಸ್ತಿಲು ನಾನು ತುಳಿಯುವುದಿಲ್ಲ! ಅಜ್ಜಿ ತುಳಿಯದ ಹೊಸ್ತಿಲನ್ನು ವಾಡೆಯಲ್ಲಿ ಯಾರೂ ತುಳಿಯುತ್ತಿರಲಿಲ್ಲ. ಕಾಕು ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅಷ್ಟರಲ್ಲಾಗಲೇ ಮನೆಮನೆಗೆ ಹೋಗಿ ಶುಕ್ರವಾರಕ್ಕೆ ಬರ್ರಿ ಎಂದು ಕರೆದು ಬಂದಿದ್ದಳು ಪುಣ್ಯಾತ್ಗಿತ್ತಿ.

ನಾನು ಮೇಲೆ ಹೋದೆ. ಕೊಳ್ಳುವವರ ಎದುರು ಮೊದಲೇ ಬೇಡಿಕೆ ಇಡಬಾರದು, ಅವರ ಬಾಯಿಂದಲೇ ಬರಬೇಕು. ಅಜ್ಜಿಯ ಕಾಲು ಒತ್ತುತ್ತಾ ಅರೆಬರೆ ಮರಾಠಿಯಲ್ಲಿ ಕೇಳಿದೆ, ಇಲ್ಲಿ ನಮ್ಮ ಮಾತಿನಲ್ಲೇ ಹೇಳುತ್ತೇನೆ: "ಅಜ್ಜಿ, ನಿಮ್ಮ ಹಿತ್ತಾಳಿ ಹಂಡೆ ಮೈಲಿಗಿ ಆದ್ರ ಏನ ಮಾಡ್ತೀರಿ?"

"ತಿಕ್ಕಿ, ಬೆಂಕಿ ತೋರಿಸಿ ಒಳಗ ತಗೋತೀವಿ. ಇನ್ನೇನು?"

"ತಗಡಿಗೆ ಬೆಂಕಿ ತೋರಿಸಿದ್ರ ನಡಿಯೂದಿಲ್ಲೇನ್ರಿ?"

ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಂಡು ನನ್ನನ್ನು ಚೆನ್ನಾಗಿ ನೋಡಿದಳು. "ಭಾಳ ಶಾಣ್ಯಾಕಿ ಇದ್ದಿ. ತೋರಸ್ರಿ, ಆಮ್ಯಾಲ ನೋಡೂಣು."

ಓಡಿ ಬಂದು ಹೇಳಿದೆ. ಕಾಕುವಿನ ಕಣ್ಣು ಬೆಳಗಿತು. ಬೆಂಕಿ ತೋರಿಸುವುದೆಂದರೆ ಉರಿಯ ಮೇಲೆ ಒಮ್ಮೆ ಆಡಿಸಿ ತೆಗೆಯುವುದು, ಎಲ್ಲರಿಗೂ ಗೊತ್ತು. ಆದರೆ ಕಾಕುವಿಗೆ ಅಷ್ಟು ಸಾಲಲಿಲ್ಲ. ಅಜ್ಜಿಗೆ ಬೆರಳು ತೋರಿಸಲು ಜಾಗ ಉಳಿಯಬಾರದಲ್ಲ! ಗುರುವಾರ ಮಧ್ಯಾಹ್ನ ನಾನು ಅತ್ತೆಯವರಿಗೆ ಊಟಕ್ಕೆ ಬಡಿಸಿ ಬರುವಷ್ಟರಲ್ಲಿ ಹಿತ್ತಲಲ್ಲಿ ಕುಳ್ಳು ಒಟ್ಟಿ, ನಡುವೆ ಡಬ್ಬಿಗಳನ್ನು ಹುಗಿದು, ಹೋಮ ಮಾಡಿದಂತೆ ಉರಿ ಹಚ್ಚಿದ್ದಳು. ಬಣ್ಣ ಸುಟ್ಟ ಕಮಟು ವಾಸನೆ ಇಡೀ ವಾಡೆ ತುಂಬಿತ್ತು.

"ಕಾಕು, ತೆಗೀರಿ ತೆಗೀರಿ!" ನಾನು ಕೂಗುವ ಹೊತ್ತಿಗೆ ಬೆಸುಗೆ ಕರಗಿ ಹನಿಹನಿಯಾಗಿ ಬೂದಿಗೆ ಬೀಳುತ್ತಿತ್ತು. ಕಾಕು ಗಾಬರಿಯಾಗಿ ಕೊಡದ ನೀರನ್ನು ಸುರುವಿದಳು. ಚುಂಯ್ ಎಂದು ಹೊಗೆ. ಹೊಗೆ ಸರಿದ ಮೇಲೆ ನೋಡಿದರೆ ಒಂದು ಡಬ್ಬಿಯೂ ಇರಲಿಲ್ಲ. ತಳ ಒಂದು ಕಡೆ, ಮಗ್ಗುಲು ಒಂದು ಕಡೆ. ಹಡಗು, ಗುಲಾಬಿ, ಮಡ್ಡಮ್ಮ ಎಲ್ಲರೂ ಮಸಿ. ಮಾಳಿಗೆಯಿಂದ ಅಜ್ಜಿಯ ದನಿ: "ತೋರಸ್ರಿ ಅಂದಿದ್ದೆ. ದಹನ ಮಾಡ್ರಿ ಅಂದಿರಲಿಲ್ಲ!"

ಕಾಕು ಅಳಲಿಲ್ಲ. "ನಾಳೆ ಹೊಟ್ಟಿನೋವು ಅಂತ ಹೇಳಿಬಿಡು ಎಲ್ಲಾರಿಗೂ," ಅಂದಳು. ಆಮೇಲೆ ಆ ತುಂಡುಗಳನ್ನೆಲ್ಲ ಆರಿಸಿ, ಗೌರಿಯ ಎರಡು ದೀಪ ತೊಳೆಯಲೆಂದು ಇಟ್ಟಿದ್ದ ಹುಣಸೆ ನೀರಿನ ಬೋಗುಣಿಗೆ ಹಾಕಿದಳು. ಯಾಕೆ ಎಂದು ಕೇಳಿದೆ. "ಹೊಲಸ ಇದ್ದದ್ದನ್ನ ಹಂಗ ಒಗೀಬಾರದು ತಂಗಿ. ತೊಳದು ಒಗಿಯೂಣು."

ಮರುದಿನ ಬೆಳಿಗ್ಗೆ ಕಾಕು ನನ್ನನ್ನು ಕರೆದ ದನಿಯೇ ಬೇರೆ ಇತ್ತು. ಬೋಗುಣಿಯಿಂದ ತೆಗೆದು ಮಸಿ ತಿಕ್ಕಿದ ತಗಡಿನ ಮೇಲೆಲ್ಲ ಹೂ! ಬರೆದ ಹೂವಲ್ಲ. ತಗಡಿನೊಳಗಿಂದಲೇ ಅರಳಿದಂಥ ಬೆಳ್ಳನೆಯ ದಳಗಳು, ಗರಿಗಳು. ವಾಲಿಸಿದರೆ ಮಿನುಗುತ್ತ ಜಾಗ ಬದಲಿಸುವವು. ಮೇಲಿನ ತವರ ಕರಗಿ, ತಣ್ಣೀರಿಗೆ ಹೆಪ್ಪುಗಟ್ಟಿ, ಹುಳಿಗೆ ಹಾಗೆ ಬಿಚ್ಚಿಕೊಳ್ಳುತ್ತದೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಆ ದಿನ ನಮಗೆ ಅದು ಗೌರಿಯ ಕೆಲಸ.

ಹೊಟ್ಟೆನೋವು ರದ್ದಾಯಿತು. ತಗಡುಗಳನ್ನು ಗೌರಿಯ ಹಿಂದೆ ಬೀಸಣಿಗೆಯಂತೆ ನಿಲ್ಲಿಸಿ ಮುಂದೆ ಎರಡು ದೀಪ ಇಟ್ಟೆವು. ಸಂಜೆ ಹೆಂಗಸರು ಅಂಗಳದವರೆಗೆ ಬಂದು ನಿಂತರು. ಹೊಸ್ತಿಲ ಈಚೆ ಯಾರೂ ಕಾಲಿಡಲಿಲ್ಲ. ಎಲ್ಲರ ಕಣ್ಣೂ ಮಾಳಿಗೆಯ ಮೆಟ್ಟಿಲ ಮೇಲೆ. ಕಾಕು ಕುಂಕುಮದ ಬಟ್ಟಲು ಹಿಡಿದು ಬಾಗಿಲ ಒಳಗೇ ನಿಂತಿದ್ದಳು.

ಅಜ್ಜಿ ಒಂದೊಂದೇ ಮೆಟ್ಟಿಲು ಇಳಿದು ಬಂದಳು. ಬಾಗಿಲಲ್ಲಿ ನಿಂತು ತಗಡಿನ ಹೂಗಳನ್ನು ಎಡಕ್ಕೆ ಬಲಕ್ಕೆ ವಾಲಿ ನೋಡಿದಳು. "ಇಷ್ಟು ಸುಟ್ಟ ಮ್ಯಾಲ ಮೈಲಿಗಿ ಎಲ್ಲಿಂದ ಉಳೀತದ? ಸರೀರಿ, ಒಳಗ ಹೋಗ್ತೀನಿ," ಅಂದಳು, ನಾವೇ ಅಡ್ಡ ನಿಂತವರ ಹಾಗೆ. ಕಾಕು ಎಲ್ಲರಿಗೂ ಕುಂಕುಮ ಹಚ್ಚಲು ಮುಂದೆ ಬಂದಳು. ಅಜ್ಜಿ ಬಟ್ಟಲು ಕಸಿದುಕೊಂಡು, ಅದು ತುಂಬಿದ್ದಾಗಲೇ, ಎಲ್ಲರಿಗಿಂತ ಮೊದಲು ಕಾಕುವಿನ ಹಣೆಗೆ ದೊಡ್ಡದಾಗಿ ಹಚ್ಚಿದಳು. ಮರುದಿನ ಅಜ್ಜಿಯ ಮೊಮ್ಮಗಳು ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಡಬ್ಬಿ ತಂದಳು, ತುಕ್ಕು ತೆಗೆದು ಕೊಡಬೇಕಂತೆ. ಸಾಹೇಬರ ಬಿಸ್ಕೀಟಿನದೇ! ಅಜ್ಜಿ ಅದರಲ್ಲಿ ದೇವರ ಹೂಬತ್ತಿ ಇಡುತ್ತಿದ್ದಳು.

ಆಮೇಲೆ ಹೆಚ್ಚು ಚೈತ್ರಗಳು ಸಿಗಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಊರಿಗೆಲ್ಲ ಆ ಕೆಟ್ಟ ಜ್ವರ ಬಂದಾಗ ನನ್ನನ್ನು ತವರಿಗೆ ಕಳಿಸಿದ್ದರು. ತಿರುಗಿ ಬಂದಾಗ ಎದುರು ಖೋಲಿಯಲ್ಲಿ ಬೇರೆ ಯಾರದೋ ತೊಟ್ಟಿಲು ಕಟ್ಟಿತ್ತು. ಕಾಕುವನ್ನು ಜ್ವರ ಒಯ್ದ ಮೇಲೆ ಕಾಕಾ ದೌಂಡಿಗೇ ಹೋಗಿಬಿಟ್ಟಿದ್ದರು. ತಗಡುಗಳನ್ನು ಭಂಗಾರದವನು ತೂಕಕ್ಕೆ ಒಯ್ದನಂತೆ… ತಂಗಿ ಎಂದು ಕರೆಯುವವರು ಆ ವಾಡೆಯಲ್ಲಿ ಮತ್ತೆ ಯಾರೂ ಸಿಗಲಿಲ್ಲ.

ಒಂದೂಕಾಲು ರೂಪಾಯಿಯ ಡಬ್ಬಿಯನ್ನು ಮೊನ್ನೆ ಹುಣಸೆ ನೀರಿಗೆ ಹಾಕಿದೆ. ಉಳಿದದ್ದನ್ನೆಲ್ಲ ತುಕ್ಕು ತಿಂದಿತ್ತು. ಸುಟ್ಟ ಮಗ್ಗುಲಿನ ಒಂದು ಮೂಲೆಯಲ್ಲಿ ಮಾತ್ರ ಅಂಗೈಯಷ್ಟು ಹೂ ಬಿಟ್ಟಿತು. ಆ ಮೂಲೆ ಕಾಣುವಂತೆ ಗೂಡಿನಲ್ಲಿ ಇಟ್ಟಿದ್ದೇನೆ. ಇದು ಮಾರಾಟಕ್ಕಿಲ್ಲ.

ನೀವೂ ಹಳೇ ಡಬ್ಬಿ ತಿದ್ದುವವರಿದ್ದರೆ ನನ್ನ ಮಾತು ಕೇಳಿರಿ. ಕೊಳ್ಳುವ ಮುಂಚೆ ತಳಕ್ಕೆ ಹೆಬ್ಬೆರಳು ಒತ್ತಿ ನೋಡಿರಿ. ಜಗ್ಗಿದರೆ ಬಿಟ್ಟು ಬರ್ರಿ. ತುಕ್ಕಿಗೆ ಚಿಮಣಿ ಎಣ್ಣೆ ಹಚ್ಚಿ ಒಂದು ದಿನ ಬಿಡಿರಿ, ಆಮೇಲೆ ಬೂದಿ. ತೊಳೆದ ಕೂಡಲೇ ಒರೆಸಿ ಬಿಸಿಲಿಗಿಡಿರಿ, ಇಲ್ಲವಾದರೆ ಮರುದಿನವೇ ತುಕ್ಕು ತಿರುಗಿ ಬರುತ್ತದೆ. ಡಬ್ಬಿಯ ಮೇಲಿನ ಚಿತ್ರ ಉಳಿಯಬೇಕಿದ್ದರೆ ಹುಳಿ, ಬೆಂಕಿ ಎರಡನ್ನೂ ದೂರ ಇಡಿರಿ. ಆಮೇಲೆ, ಎಲ್ಲ ಚಂದಾಗಲಿ, ಆಮ್ಯಾಲ ನಾಲ್ಕು ಮಂದಿನ್ನ ಕರೀತೀನಿ ಅಂತ ಕೂಡಬ್ಯಾಡ್ರಿ. ಡಬ್ಬಿ ಇನ್ನೂ ಅರ್ಧ ತುಕ್ಕಿದ್ದಾಗಲೇ ಕರೀರಿ. ಅತ್ತೆಯವರ ಕಾಲ ಮುಗಿದು, ನನ್ನ ಸ್ವಂತ ಮನೆಯಾಗಿ, ನಾನೇ ಗೌರಿ ಕೂಡಿಸುವ ಹೊತ್ತಿಗೆ ಮೊದಲ ಕುಂಕುಮ ಹಚ್ಚಬೇಕಾದ ಹಣೆಯೇ ಇರಲಿಲ್ಲ.